ಸೆರಗು ಸಿಕ್ಕಿಸುವ ಎತ್ತರ

ಬುಧವಾರ ಬೆಳಗ್ಗೆ ಏಳೂವರೆಗೆ ತುಮಕೂರು ಬಟವಾಡಿಯ ಮನೆ ಬಿಟ್ಟಾಗ ನನ್ನ ಚೀಲದಲ್ಲಿ ಒಂದು ಅಳತೆ ಟೇಪು, ಒಂದು ಕಟ್ಟು ಫಾರಂ, ನೀರಿನ ಬಾಟಲಿ ಮತ್ತು ಎರಡು ಚಪಾತಿ ಇದ್ದವು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ದಿಗಿಲಾದಾಗ ನನಗೆ ತಿಂಡಿ ಇಳಿಯುವುದಿಲ್ಲ, ಇದು ಚಿಕ್ಕಂದಿನ ಚಾಳಿ. ಪರೀಕ್ಷೆಯ ದಿನ ಅವ್ವ ಬೈದು ಬೈದು ಉಣ್ಣಿಸುತ್ತಿದ್ದಳು. ಐವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಬರೆಯುವ ಸ್ಥಿತಿ ತಂದುಕೊಂಡವಳು ನಾನೇ, ಬೈಯಲು ಬೇರೆ ಯಾರೂ ಬೇಕಾಗಿರಲಿಲ್ಲ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹದಿನೆಂಟು ವರ್ಷ ಗುಬ್ಬಿಯ ಹತ್ತಿರದ ಒಂದು ನಾರಿನ ಫ್ಯಾಕ್ಟರಿಯಲ್ಲಿ ಮಿಷನ್ನಿಗೆ ತೆಂಗಿನಕಾಯಿ ಮಟ್ಟೆ ತುಂಬುವ, ಬಿಡುವಾದಾಗ ಹುರಿ ಹೊಸೆಯುವ ಕೆಲಸ ಮಾಡಿದವಳು. ಈಗ ನಮ್ಮ ಕಾರ್ಮಿಕ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಮಟ್ಟೆ ಬಡಿದು ನಾರು ತೆಗೆಯುವ ಈ ಮಿಷನ್ನು ಹೇಗಿರಬೇಕು, ಬಾಯಿ ಎಷ್ಟು ಅಗಲ, ಕವಚ ಎಲ್ಲಿ, ಸ್ವಿಚ್ಚು ಎಲ್ಲಿ ಎಂದು ಬರೆದು ನಿಗದಿ ಮಾಡಲು ಒಂದು ಸಮಿತಿ ಇದೆ. ಅವರು ಬರೆಯುವುದಕ್ಕೆ ಮಾನಕ ಎನ್ನುತ್ತಾರೆ. ಆ ಸಮಿತಿಯಲ್ಲಿ ಎಂಜಿನಿಯರುಗಳು, ಮಿಷನ್ ತಯಾರಿಸುವವರು, ಫ್ಯಾಕ್ಟರಿ ಮಾಲೀಕರು ಎಲ್ಲ ಇದ್ದರು. ಮಿಷನ್ನಿನ ಮುಂದೆ ನಿಲ್ಲುವವರು ಇರಲಿಲ್ಲ. ವರ್ಷಗಟ್ಟಲೆ ಅರ್ಜಿ ಹಾಕಿ ನಮ್ಮ ಸಂಘ ಒಂದು ಕುರ್ಚಿ ಪಡೆಯಿತು. ಆ ಕುರ್ಚಿಯ ಮೇಲೆ ನನ್ನನ್ನು ಕೂರಿಸಿದರು.

ಬೆಂಗಳೂರಿನ ಸಭೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಡುನಡುವೆ ಅಧ್ಯಕ್ಷರು ನನ್ನ ಕಡೆ ತಿರುಗಿ "ಓಕೆ ಮೇಡಂ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ನಾನು ತಲೆಯಾಡಿಸಿದೆ. ಕೊನೆಗೆ ಒಂದು ಹಾಳೆ ಬಂತು, ಎಲ್ಲರೂ ಸಹಿ ಮಾಡಿದರು, ನಾನೂ ಮಾಡಿದೆ. ಮಾರನೇ ದಿನ ಸಂಘದ ವಕೀಲರು ಅದನ್ನು ಓದಿ ಹೇಳಿದಾಗ ಕಾಲ ಕೆಳಗಿನ ನೆಲ ಕುಸಿಯಿತು. ಮಿಷನ್ನನ್ನು ಥಟ್ಟನೆ ನಿಲ್ಲಿಸುವ ಕೆಂಪು ಗುಂಡಿ ನೆಲದಿಂದ ಐದೂವರೆ ಅಡಿ ಎತ್ತರದಲ್ಲಿ, ಬಾಯಿಯಿಂದ ಎರಡು ಅಡಿ ಆಚೆ ಬಲಬದಿಯ ಪೆಟ್ಟಿಗೆಯ ಮೇಲೆ ಇರಬೇಕು. ಕೆಳಗಿದ್ದರೆ ಮಟ್ಟೆ ತಾಗುತ್ತದೆ, ಧೂಳು ಕೂರುತ್ತದೆ ಎಂಬುದು ಅವರ ಕಾರಣ. ಕೆಳಗೆ ಒಂದು ಸಾಲು: ಕಾರ್ಮಿಕರ ಪ್ರತಿನಿಧಿಯ ಆಕ್ಷೇಪ ಇಲ್ಲ. ಅದರ ಪಕ್ಕ ನನ್ನ ದುಂಡನೆಯ ಸಹಿ.

ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಐದು ಅಡಿಯೂ ಇಲ್ಲ. ವಕೀಲರು ಪತ್ರ ಬರೆದರು. ಉತ್ತರ ಬಂತು: ಕೊನೆಯ ಸಭೆ ಶುಕ್ರವಾರ, ತುಮಕೂರಿನಲ್ಲೇ, ಅಲ್ಲಿಗೆ ಅಳತೆಗಳ ಸಮೇತ ಬಂದರೆ ಪರಿಶೀಲಿಸಬಹುದು, ಇಲ್ಲವಾದರೆ ಹಿಂದಿನ ಸಹಿಯೇ ಅಂತಿಮ. ಜೊತೆಗೆ ಒಂದು ಫಾರಂ ಕಳಿಸಿದ್ದರು. ಹೆಸರು, ಎತ್ತರ, ಕೈ ಎಟಕುವ ಎತ್ತರ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಂಗೈ ಅಗಲ. ಈ ಕೊನೆಯದು ಯಾಕೆ ಬೇಕೋ ನನಗಂತೂ ತಿಳಿಯಲಿಲ್ಲ. ಇದ್ದದ್ದು ಎರಡು ದಿನ.

ಶಿವರಾತ್ರಿ ಕಳೆದು ವಾರವಾಗಿತ್ತು. ಚಳಿ ಶಿವಶಿವಾ ಎಂದು ಹೋಗಿ, ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಗುಬ್ಬಿ ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟರು. ಮಡಿಲಲ್ಲಿ ಟೇಪು ಹಿಡಿದು ಕೂತಿದ್ದೆ. ಪಕ್ಕದ ಹೆಂಗಸು "ಟೈಲರಾ ನೀವು? ರವಿಕೆಗೆ ಎಷ್ಟು ತಗೋತೀರಿ?" ಎಂದು ಕೇಳಿದರು. ಅಲ್ಲ ಎಂದರೂ ನಂಬಲಿಲ್ಲ. ಗುಬ್ಬಿ ಬರುವವರೆಗೂ ತುಮಕೂರಿನ ಟೈಲರುಗಳ ದುರಹಂಕಾರದ ಬಗ್ಗೆ ಹೇಳಿದರು. ನನಗೆ ಅದು ಒಂದು ರೀತಿ ಒಳ್ಳೆಯದೇ ಆಯಿತು, ಮುಕ್ಕಾಲು ಗಂಟೆ ಸಹಿಯ ವಿಷಯ ಮರೆತಿದ್ದೆ.

ಫ್ಯಾಕ್ಟರಿ ಗುಬ್ಬಿಯಿಂದ ಎರಡು ಕಿಲೋಮೀಟರ್ ಆಚೆ, ಹೆದ್ದಾರಿಯ ಪಕ್ಕ. ಆಟೋದವನು ನನ್ನನ್ನು ಗೇಟಿನ ಮುಂದೆ ಇಳಿಸಿದ. ಒಳಗೆ ಹೋಗಲು ನನಗೆ ಅನುಮತಿ ಇರಲಿಲ್ಲ. ಹತ್ತು ಗಂಟೆಯ ಟೀ ಹೊತ್ತಿಗೆ ಹೆಂಗಸರು ಹೊರಗೆ ಬರುವವರೆಗೆ ಹೊಂಗೆ ಮರದ ಕೆಳಗೆ ಕಾದೆ. ಒಳಗಿಂದ ಮಿಷನ್ನಿನ ಆ ಹಳೆಯ ಗಡಗಡ ಸದ್ದು ಬರುತ್ತಿತ್ತು. ಬಿಟ್ಟು ಆರು ವರ್ಷವಾದರೂ ಆ ಸದ್ದು ಕೇಳಿದರೆ ನನ್ನ ಭುಜ ತಾನಾಗಿ ಬಿಗಿಯುತ್ತದೆ.

ಮೊದಲು ಬಂದವಳು ರಂಗಮ್ಮ. ನಾನಿದ್ದಾಗ ನನ್ನ ಪಕ್ಕದ ಮಿಷನ್ನಿನಲ್ಲಿದ್ದವಳು, ನನ್ನದೇ ವಯಸ್ಸು, ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಶರಟು, ತಲೆಗೆ ಟವಲು. ನಾರಿನ ಧೂಳಿಗೆ ನಮ್ಮಲ್ಲಿ ಎಲ್ಲರ ವೇಷವೂ ಅದೇ.

"ಏನೇ ಸರೋಜಿ, ಮಖ ಯಾಕೆ ಹಿಂಗೆ ಇಟ್ಕೊಂಡಿದೀಯ? ಸಾವಿಗೆ ಬಂದಂಗೆ ಬಂದಿದೀಯ" ಎಂದಳು.

ವಿಷಯ ಹೇಳಿದೆ. ನಾನು ಓದದೆ ಸಹಿ ಮಾಡಿದ್ದನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯ ಟವಲು ಬಿಚ್ಚಿ ಕೊಡವಿ, "ನಾವೂ ಅದೇ ಮಾಡ್ತಿದ್ವಿ ಬುಡು. ಈಗ ಅಳೆ" ಎಂದಳು. ಬೈದಿದ್ದರೇ ವಾಸಿಯಾಗಿತ್ತು ಅನ್ನಿಸಿತು.

ಹನ್ನೆರಡು ಜನ ಸಾಲಾಗಿ ಬಂದರು. ಒಬ್ಬೊಬ್ಬರೂ ಶರಟು ಬಿಚ್ಚಿ, ಕೈಕಾಲು ತೊಳೆದು, ತಲೆ ಸವರಿಕೊಂಡು ಗೋಡೆಗೆ ಆತು ನಿಂತರು. ಫೋಟೋ ಹೊಡೆಸಲು ನಿಂತ ಹಾಗೆ ಮೈ ಸೆಟೆಸಿಕೊಂಡಿದ್ದರು. ಎತ್ತರ ಅಳೆದೆ, ಬಲಗೈ ಎರಡು ಅಡಿ ಪಕ್ಕಕ್ಕೆ ಚಾಚಿಸಿ ಎಷ್ಟು ಎತ್ತರಕ್ಕೆ ಎಟಕುತ್ತದೆ ಎಂದು ಅಳೆದೆ. ಅಂಗೈ ಅಗಲ ಅಳೆಯುವಾಗ ನಗೆಯೋ ನಗೆ.

"ಗೇಣು ಯಾಕಂತೆ? ನಮ್ಗೆ ಬಳೆ ತೊಡಿಸ್ತಾರಾ ಸಾಹೇಬ್ರು?" ಎಂದಳು ರಂಗಮ್ಮ.

"ಹಾಳಾದ್ ಫಾರಂನಲ್ಲಿ ಐತೆ ಕಣೇ, ಬರ್ಕೋತೀನಿ" ಎಂದೆ. ಟೀ ಹೊತ್ತು ಮುಗಿದು ಗಂಟೆ ಬಾರಿಸಿತು. ಕೊನೆಯವಳ ಗೇಣನ್ನು ಅವಳು ಓಡುವಾಗಲೇ ಅಳೆದು ಬರೆದುಕೊಂಡೆ.

ಅಲ್ಲಿಂದ ಹಾಗಲವಾಡಿಗೆ. ಖಾಸಗಿ ಬಸ್ಸು, ಅಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ಚೇಳೂರಿನಲ್ಲಿ ಡ್ರೈವರು ಇಳಿದು ಹೋಗಿ ಇಪ್ಪತ್ತು ನಿಮಿಷ ಬರಲಿಲ್ಲ. ಊಟ ಮಾಡುತ್ತಿದ್ದಾನೆ ಎಂದರು. ಬಸ್ಸಿನಲ್ಲಿ ಯಾರಿಗೂ ಅವಸರ ಇರಲಿಲ್ಲ, ನನ್ನೊಬ್ಬಳಿಗೇ. ನಾನು ಗಡಿಯಾರ ನೋಡಿ ನೋಡಿ ಒದ್ದಾಡುವುದು ಕಂಡು ಎದುರು ಸೀಟಿನ ಮುದುಕರು "ಮದ್ವೆಗಾ ತಾಯಿ?" ಎಂದು ಕೇಳಿದರು.

ಹಾಗಲವಾಡಿಯ ಘಟಕ ಚಿಕ್ಕದು, ಒಂದೇ ಮಿಷನ್ನು, ಏಳು ಹೆಂಗಸರು. ಕರೆಂಟು ಹೋಗಿತ್ತು, ಎಲ್ಲರೂ ಮಟ್ಟೆ ರಾಶಿಯ ನೆರಳಿನಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಅಳತೆ ಅರ್ಧ ಗಂಟೆಯಲ್ಲಿ ಮುಗಿಯಿತು. ಎಲ್ಲರಿಗಿಂತ ತೆಳ್ಳಗಿದ್ದ ಒಬ್ಬಾಕೆ ಮಾತ್ರ ಟೇಪಿನ ಕೆಳಗೆ ನಿಂತವಳೇ ಮೆಲ್ಲಗೆ ಕೇಳಿದಳು: "ಅಕ್ಕ, ಇದೆಲ್ಲ ಬಂದ್ರೆ ಹೊಸಾ ಮಿಷನ್ನು ತುಟ್ಟಿ ಆಯ್ತದೆ ಅಂತಾರೆ. ಓನರ್ರು ಮುಚ್ಕೊಂಡು ಹೋಗ್ಬುಟ್ರೆ?"

"ಇಲ್ಲ ಕಣವ್ವ, ಹಂಗೇನೂ ಆಗಲ್ಲ" ಎಂದೆ. ಆಗುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ಅಳತೆಗಳಿಗಿಂತ ಆ ಪ್ರಶ್ನೆಯೇ ಹೆಚ್ಚು ಕೊರೆಯಿತು. ಆದರೂ ಮನೆಗೆ ಬಂದು ಫಾರಂ ಹರಡಿ ನೋಡಿದಾಗ ಸ್ವಲ್ಪ ಉಸಿರು ಬಂತು. ಹತ್ತೊಂಬತ್ತು ಜನರಲ್ಲಿ ಹದಿಮೂರು ಮಂದಿಗೆ ಮಿಷನ್ನಿನ ಬಾಯಿಯ ಮುಂದೆ ನಿಂತು ಆ ಗುಂಡಿ ಎಟಕುವ ಹಾಗೆ ಇರಲಿಲ್ಲ. ಗುಂಡಿಯನ್ನು ನಾಲ್ಕು ಅಡಿಗೆ ಇಳಿಸಿ ಎಂದು ಬರೆದರೆ ಆಯಿತು. ಎರಡು ಚಪಾತಿಯನ್ನು ಆಗ ತಿಂದೆ, ಒಣಗಿ ಹಪ್ಪಳವಾಗಿದ್ದವು.

ಗುರುವಾರ ಕುಣಿಗಲ್. ಹೆಬ್ಬೂರಿನ ಮೇಲೆ ಹೋಗುವ ಬಸ್ಸು, ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಹಿಂದಿನ ದಿನಕ್ಕಿಂತ ಹಗುರಾಗಿದ್ದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ರಾಗಿ ಕುಯ್ದ ಹೊಲಗಳು, ತೆಂಗಿನ ಸಾಲು, ಅಲ್ಲಲ್ಲಿ ಹೊಸ ಲೇಔಟಿನ ಕಲ್ಲುಗಳು. ಕೆರೆಯಲ್ಲಿ ಇನ್ನೂ ನೀರಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಫಿ ಕೂಡ ಕುಡಿದೆ. ಇವತ್ತು ಎಂಟು ಜನರನ್ನು ಅಳೆದರೆ ಕೆಲಸ ಮುಗಿಯಿತು ಎಂಬ ಲೆಕ್ಕ.

ಅಲ್ಲಿ ನಮ್ಮ ಸಂಘಕ್ಕೆ ಇರುವವಳು ಕೆಂಪಮ್ಮ. ನಲವತ್ತು ದಾಟಿದ, ಗಟ್ಟಿ ಗಂಟಲಿನ ಹೆಂಗಸು. ಮೂರು ವರ್ಷದ ಹಿಂದೆ ಅದೇ ಫ್ಯಾಕ್ಟರಿಯ ಮಿಷನ್ನು ಅವಳ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಈಗ ಅಲ್ಲೇ ನಾರಿನ ಕಟ್ಟು ಕಟ್ಟುತ್ತಾಳೆ, ಎಡಗೈಯಲ್ಲಿ ಗಂಟು ಹಾಕಿ ಹಲ್ಲಿನಲ್ಲಿ ಎಳೆಯುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಗೇಟಿನ ಹೊರಗೆ ಬಂದು, ಮೊದಲು ನನ್ನ ಮುಂದೆ ಡಬ್ಬಿ ತೆಗೆದಳು. ಮುದ್ದೆ, ಹುರುಳಿ ಸಾರು. "ಉಣ್ಣು ಮೊದ್ಲು. ಆಮೇಲೆ ನಿನ್ನ ಟೇಪು" ಎಂದಳು. ಅರ್ಧ ಮುದ್ದೆ ನುಂಗಿದೆ.

ನಾನು ಮೊದಲನೆಯವಳನ್ನು ಗೋಡೆಗೆ ನಿಲ್ಲಿಸಿ "ಕೈ ಮೇಲೆತ್ತವ್ವ" ಎಂದೆ. ಕೆಂಪಮ್ಮ ಡಬ್ಬಿ ತೊಳೆಯುತ್ತಿದ್ದವಳು ನಿಲ್ಲಿಸಿ ನೋಡಿದಳು.

"ಅಕ್ಕ, ಏನು ಅಳೀತಿದೀಯ?"

"ಗುಂಡಿಗೆ ಕೈ ಎಟಕ್ತದಾ ಅಂತ."

"ಯಾವ ಕೈ?"

"ಬಲಗೈ" ಎಂದೆ.

ಅವಳು ಹತ್ತಿರ ಬಂದು ತನ್ನ ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. "ಈ ಕೈ ಒಳಗಿತ್ತು. ಶರಟಿನ ತೋಳು ಸಿಕ್ಕೊಂಡು ಎಳ್ಕೊಂಡೋಯ್ತು."

"ಎಡಗೈ ಇತ್ತಲ್ಲ?"

"ಎಡಗೈಲಿ ಬಲಗೈನ ಹಿಡ್ದು ಎಳೀತಿದ್ದೆ. ಬುಡಕ್ಕಾಯ್ತದಾ? ನಿನ್ ಕೈ ಮಿಷನ್ ತಿಂತಿದ್ರೆ, ಬಿಟ್ಟು ಗುಂಡಿ ಹುಡುಕ್ತೀಯಾ ನೀನು? ಗುಂಡಿ ಹಣೆ ಮುಂದೆ ನೇತಾಕಿದ್ರೂ ಒತ್ತಕ್ಕೆ ಕೈ ಯಾವ್ದು?"

ಎತ್ತಿದ್ದ ಟೇಪು ಕೆಳಗಿಳಿಸಿದೆ. ಹದಿನೆಂಟು ವರ್ಷ ಮಿಷನ್ನಿನ ಮುಂದೆ ನಿಂತ ನನಗೆ ಇದು ಹೊಳೆದಿರಲಿಲ್ಲ. ನನ್ನ ಹತ್ತು ಬೆರಳೂ ಉಳಿದಿದ್ದವು, ಅದಕ್ಕೇ ಹೊಳೆದಿರಲಿಲ್ಲ. ಹಿಂದಿನ ದಿನವೆಲ್ಲ ಹೆಂಗಸರ ಕೈ ತೊಳೆಸಿ, ಶರಟು ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ, ಏನೂ ಆಗದೇ ಇದ್ದಾಗ ಕೈ ಎಲ್ಲಿಗೆ ಎಟಕುತ್ತದೆ ಎಂದು ಅಳೆದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಾಳೆ ನಾಲ್ಕು ಅಡಿ ಎಂದು ಬರೆಸಿ, ಮತ್ತೆ ಸಹಿ ಮಾಡಿ, ಗೆದ್ದೆ ಎಂದು ಮನೆಗೆ ಬರುವವಳಿದ್ದೆನಲ್ಲ!

"ಆವಾಗ ನಿನ್ ಮೈಯಾಗೆ ಏನು ಖಾಲಿ ಇತ್ತು?" ಎಂದು ಕೇಳಿದೆ.

ಕೆಂಪಮ್ಮ ಕಣ್ಣು ಮುಚ್ಚಿ ನಿಂತಳು. ಅವಳಿಗೆ ಅದನ್ನು ಮತ್ತೆ ನೆನೆಸುವ ಹಾಗೆ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. "ಹೊಟ್ಟೆ" ಎಂದಳು. "ಎಳ್ಕೊಂಡಾಗ ಹೊಟ್ಟೆ ಹೋಗಿ ಹಲಗೆಗೆ ಒತ್ಕೊಂತು. ಇಲ್ಲಿ, ಸೆರಗು ಸಿಕ್ಕಿಸ್ತೀವಲ್ಲ, ಈ ಜಾಗ. ಅಲ್ಲೊಂದು ಪಟ್ಟಿ ಇದ್ದಿದ್ರೆ, ಒತ್ತಿದ್ರೆ ನಿಲ್ಲೋ ಹಂಗೆ ಇದ್ದಿದ್ರೆ, ತಾನೇ ನಿಂತೋಗ್ತಿತ್ತು. ಪಕ್ಕದೋಳು ಸುತ್ತಾಕ್ಕೊಂಡು ಓಡ್ಬಂದು ಗೋಡೆ ಸ್ವಿಚ್ ಕೆಡವೋ ಹೊತ್ಗೆ ಆಗೋಗಿತ್ತು."

ಮಿಷನ್ನಿನ ಬಾಯಿಗೆ ಅಡ್ಡಲಾಗಿ ಒಂದು ಪಟ್ಟಿ. ಮೈ ಒತ್ತಿದರೆ ನಿಲ್ಲಬೇಕು. ಅಂದರೆ ಬೇಕಾದ ಅಳತೆ ಒಂದೇ: ನೆಲದಿಂದ ಸೆರಗು ಸಿಕ್ಕಿಸುವ ಜಾಗದವರೆಗೆ. ಅದು ಫಾರಂನಲ್ಲಿ ಇರಲೇ ಇಲ್ಲ. ಕುಣಿಗಲ್ಲಿನ ಎಂಟು ಜನರನ್ನು ಈ ಸಲ ಶರಟು ಹಾಕಿಸಿಯೇ, ಮಟ್ಟೆ ಹಿಡಿದು ಬಗ್ಗಿದ ಹಾಗೆ ನಿಲ್ಲಿಸಿ ಅಳೆದೆ. ಆದರೆ ಗುಬ್ಬಿಯವರು, ಹಾಗಲವಾಡಿಯವರು? ಗಂಟೆ ಒಂದೂವರೆ. ಕುಣಿಗಲ್ಲಿನಿಂದ ತುಮಕೂರು, ಅಲ್ಲಿಂದ ಗುಬ್ಬಿ. ಹೋಗುವ ಹೊತ್ತಿಗೆ ಪಾಳಿ ಮುಗಿದು ಎಲ್ಲರೂ ತಮ್ಮ ತಮ್ಮ ಹಳ್ಳಿಯ ಬಸ್ಸು ಹತ್ತಿರುತ್ತಾರೆ.

ರಂಗಮ್ಮನಿಗೆ ಫೋನು ಮಾಡಿದೆ. ಮಿಷನ್ನಿನ ಸದ್ದಿನಲ್ಲಿ ಮೂರು ಸಲ ಕೂಗಿ ಹೇಳಬೇಕಾಯಿತು.

"ಟೇಪು ಇಲ್ಲ ಕಣೇ" ಎಂದಳು. "ಆಫೀಸ್ ರೂಮಲ್ಲೈತೆ, ಕೇಳುದ್ರೆ ಯಾಕೆ ಅಂತಾರೆ. ಹುರಿಲಿ ಅಳ್ದು ಕಳುಸ್ಲಾ? ಒಬ್ಬೊಬ್ರಿಗೆ ಒಂದೊಂದು ಹುರಿ, ಹೆಸ್ರು ಚೀಟಿ ಕಟ್ಟಿ, ಬೆಳಿಗ್ಗೆ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳುಸ್ತೀನಿ. ಹಾಗಲವಾಡಿಲಿ ನಮ್ ನಾದಿನಿ ಅವ್ಳಲ್ಲ, ಅವ್ಳಿಗೂ ಹೇಳ್ತೀನಿ."

ಹುರಿ ಹೊಸೆಯುವವರಿಗೆ ಹುರಿಯೇ ಟೇಪು. ನನಗೆ ಅದಕ್ಕಿಂತ ಒಳ್ಳೆಯ ದಾರಿ ತೋರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಮತ್ತೆ ಕಿಟಕಿಯ ಸೀಟೇ ಸಿಕ್ಕಿತು, ಹೊರಗೆ ಏನಿತ್ತೋ ಈಗ ನೆನಪಿಲ್ಲ.

ಶುಕ್ರವಾರ ಎಂಟು ಗಂಟೆಗೇ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಸಭೆ ಹತ್ತೂವರೆಗೆ, ಅಲ್ಲಿಂದ ಹತ್ತು ನಿಮಿಷದ ದಾರಿ. ಗುಬ್ಬಿ ಕಡೆಯ ಮೊದಲ ಬಸ್ಸು ಬಂತು. ಕಂಡಕ್ಟರು "ನನ್ಗ್ಯಾರೂ ಏನೂ ಕೊಟ್ಟಿಲ್ಲ" ಎಂದರು. ಎರಡನೆಯದರಲ್ಲೂ ಇಲ್ಲ. ರಂಗಮ್ಮನ ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತುತ್ತಿರಲಿಲ್ಲ. ನಾನು ಬಂದ ಬಸ್ಸಿಗೆಲ್ಲ ಓಡುವುದು ನೋಡಿ ನೋಡಿ ಅಲ್ಲಿ ಹೂ ಮಾರುವ ಹೆಂಗಸಿಗೂ ನನ್ನ ಗುರುತಾಯಿತು. "ಕೂತ್ಕೊಳ್ಳಿ ಅಕ್ಕ, ಬರೋದು ಬತ್ತದೆ" ಎಂದು ತನ್ನ ಪಕ್ಕದ ಮಣೆ ತೋರಿಸಿದಳು. ಒಂಬತ್ತೂಮುಕ್ಕಾಲಿಗೆ ಬಂದ ಬಸ್ಸಿನ ಕಂಡಕ್ಟರು ಮೇಲಿಂದಲೇ "ಸರೋಜಮ್ಮ ಯಾರ್ರೀ?" ಎಂದು ಕೂಗಿದರು. ಕೈಚೀಲದ ತುಂಬ ಹುರಿ. ಹನ್ನೆರಡು ಸುರುಳಿ, ಹನ್ನೆರಡು ಚೀಟಿ. ಹಾಗಲವಾಡಿಯದು ಬಂದಿರಲಿಲ್ಲ. ಅವರ ಊರಿನ ಬಸ್ಸು ಆ ದಿನ ಹೊರಟೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮಣೆಯ ಮೇಲೆ ಕೂತು ಮೊದಲ ಸುರುಳಿ ಬಿಚ್ಚಿದೆ. ರಂಗಮ್ಮನದೇ. ಟೇಪು ಹಿಡಿಯುವ ಮೊದಲು, ಯಾಕೋ ಎದ್ದು ನಿಂತು, ಒಂದು ತುದಿ ಕಾಲಿನಡಿ ಹಾಕಿ ಇನ್ನೊಂದು ತುದಿ ಮೇಲಕ್ಕೆ ಎಳೆದೆ. ಅದು ನನ್ನ ಸೊಂಟ ದಾಟಿ ಮೇಲಕ್ಕೆ ಹೋಯಿತು. ನನ್ನ ಭುಜಕ್ಕೆ ಬರುವ ರಂಗಮ್ಮನ ಸೊಂಟ ನನ್ನ ಸೊಂಟಕ್ಕಿಂತ ಎತ್ತರದಲ್ಲಿ! ಇನ್ನೊಂದು ಬಿಚ್ಚಿದೆ, ಮತ್ತೊಂದು ಬಿಚ್ಚಿದೆ. ಎಲ್ಲವೂ ಉದ್ದ. ಈ ಅಳತೆ ಕೊಟ್ಟರೆ ಪಟ್ಟಿ ಅವರ ಎದೆಯ ಹತ್ತಿರ ಕೂರುತ್ತದೆ, ಕತ್ತಿಗೆ ತಾಗಿದರೂ ತಾಗಿತು. ಗಂಟೆ ಹತ್ತು.

ಆಗ ಒಬ್ಬರು ಬಂದು ಮಲ್ಲಿಗೆ ಕೇಳಿದರು. ಹೂವಿನವಳು ಮೊಳಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ಅಳೆದಳು, ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದಳು. ನಾನು ಆ ನಾಲ್ಕು ಬೆರಳನ್ನೇ ನೋಡುತ್ತ ನಿಂತೆ.

ಕೊಸರು! ಹಗ್ಗ ಹುರಿ ಅಳೆದು ಕೊಡುವಾಗ ನಮ್ಮ ಹೆಂಗಸರು ಕೊಸರು ಬಿಡದೆ ಕತ್ತರಿಸುವುದುಂಟೇ? ನಾನೇ ಹದಿನೆಂಟು ವರ್ಷ ಬಿಟ್ಟವಳು. ಅಷ್ಟರಲ್ಲಿ ರಂಗಮ್ಮ ತಾನೇ ಫೋನು ಮಾಡಿದಳು.

"ಬಂತೇನೇ?"

"ಬಂತು. ಕೊಸರು ಬಿಟ್ಟಿದೀರಾ?"

"ಬುಡದೆ? ಎಲ್ರೂ ಒಂದೊಂದ್ ಗೇಣು ಬುಟ್ಟಿದೀವಿ. ಸಭೆಗೆ ಹೋಗೋ ಸಾಮಾನು, ಕಡ್ಮೆ ಬಿದ್ರೆ ಮರ್ಯಾದಿ ಏನಾಗ್ಬೇಕು? ಲಕ್ಷ್ಮಮ್ಮ ಎರಡು ಗೇಣು ಬುಟ್ಟವಳೆ."

"ಯಾರ ಗೇಣು? ನಿನ್ನದಾ?"

"ಅವ್ರವ್ರ ಹುರಿಗೆ ಅವ್ರವ್ರ ಗೇಣು ಕಣೇ, ಇನ್ನೇನು."

ಬೈಯಬೇಕೋ ಅಳಬೇಕೋ ತಿಳಿಯದೆ ಚೀಲಕ್ಕೆ ಕೈಹಾಕಿದೆ. ಬುಧವಾರದ ಫಾರಂ ಅಲ್ಲೇ ಇತ್ತು. ನಾನು ಶಪಿಸುತ್ತ ತುಂಬಿದ್ದ ಕೊನೆಯ ಸಾಲು: ಹನ್ನೆರಡು ಜನರ ಗೇಣು, ಓಡುತ್ತಿದ್ದವಳದೂ ಸೇರಿ. ಹೂವಿನವಳ ಕತ್ತರಿ ಇಸಿದುಕೊಂಡೆ. ಪ್ರತಿ ಹುರಿಯಿಂದಲೂ ಅವಳವಳ ಗೇಣು ಅಳೆದು ಕತ್ತರಿಸಿದೆ, ಲಕ್ಷ್ಮಮ್ಮನದು ಎರಡು. ರಂಗಮ್ಮನ ಹುರಿಯನ್ನು ಮತ್ತೆ ಕಾಲಿನಡಿ ಹಾಕಿ ಎಳೆದೆ. ಈಗ ಅದು ನನ್ನ ಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೇ ನಿಂತಿತು. ಹೂವಿನವಳು ಏನೂ ಕೇಳದೆ ಒಂದು ತುಂಡು ಮಲ್ಲಿಗೆ ನನ್ನ ಮುಡಿಗೆ ಸಿಕ್ಕಿಸಿದಳು.

ಸಭೆಯ ಕಟ್ಟಡ ಮುಟ್ಟಿದಾಗ ಹತ್ತೂಮುಕ್ಕಾಲು ದಾಟಿತ್ತು. ಬಾಗಿಲು ಮುಚ್ಚಿರುತ್ತದೆ ಎಂದುಕೊಂಡೇ ಮೆಟ್ಟಿಲು ಹತ್ತಿದೆ. ಒಳಗೆ ಯಾರೂ ಇರಲಿಲ್ಲ. ಬೆಂಗಳೂರಿನಿಂದ ಬರುತ್ತಿದ್ದ ಸಮಿತಿಯವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಇಳಿದಿದ್ದಾರೆ ಎಂದು ಜವಾನರು ಹೇಳಿದರು. ಹನ್ನೊಂದೂಕಾಲಿಗೆ ಬಂದರು, ಎಲ್ಲರ ಮುಖದಲ್ಲೂ ತೃಪ್ತಿ ಇತ್ತು.

ಈ ಸಲ ನಾನು ಮೊದಲೇ ಎದ್ದು ನಿಂತು, "ಸರ್, ನನಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ಕಳೆದ ಸಲ ಅರ್ಥವಾಗದೆ ಸಹಿ ಹಾಕಿದೆ. ತಪ್ಪು ನನ್ನದು. ಇವತ್ತು ಕನ್ನಡದಲ್ಲಿ ಹೇಳಿದರೆ ಮಾತ್ರ ಸಹಿ ಹಾಕುತ್ತೇನೆ" ಎಂದೆ. ಬಾಯಿಪಾಠ ಮಾಡಿದ್ದ ಮಾತು, ಧ್ವನಿ ಮಾತ್ರ ಕೀರಲಾಗಿ ಬಂತು. ಅಧ್ಯಕ್ಷರು ವಯಸ್ಸಾದ ಎಂಜಿನಿಯರ್, ನಿಜಕ್ಕೂ ಸಜ್ಜನರು. ತಲೆ ತಗ್ಗಿಸಿ, "ತಪ್ಪು ನಮ್ದೂ ಇದೆ, ಕೂತ್ಕೊಳ್ಳಿ" ಎಂದರು.

ಪಟ್ಟಿಯ ವಿಷಯ ಹೇಳಿದೆ. ಮಿಷನ್ ತಯಾರಕರ ಪರವಾಗಿ ಬಂದಿದ್ದವರು ನಕ್ಕರು. "ಮೇಡಂ, ಮಟ್ಟೆ ತಾಗ್ದಾಗೆಲ್ಲ ನಿಂತ್ರೆ ಪ್ರೊಡಕ್ಷನ್ ಹೇಗಾಗುತ್ತೆ? ಗುಂಡಿ ಬೇಕಾದ್ರೆ ಒಂದಡಿ ಕೆಳಗಿಳಿಸೋಣ. ಒತ್ತಕ್ಕೆ ಒಂದು ಸೆಕೆಂಡ್ ಸಾಕು."

ಹೆದರಿಕೆ ಮಿತಿ ಮೀರಿದಾಗ ನನಗೆ ಒಂದು ರೀತಿ ಮೊಂಡು ಧೈರ್ಯ ಬರುತ್ತದೆ. ಎದ್ದು ಹೋಗಿ ಅಧ್ಯಕ್ಷರ ಮುಂದೆ ನಿಂತು "ಸರ್, ಸ್ವಲ್ಪ ಎದ್ದು ನಿಮ್ಮ ಎರಡೂ ಕೈ ಕೊಡಿ" ಎಂದೆ. ಗಾಬರಿಯಿಂದ ಎದ್ದು ಕೊಟ್ಟರು. ಎರಡನ್ನೂ ಬಿಗಿಯಾಗಿ ಹಿಡಿದುಕೊಂಡೆ. ಹದಿನೆಂಟು ವರ್ಷ ಮಟ್ಟೆ ಹಿಡಿದ ಕೈ, ಸುಲಭಕ್ಕೆ ಬಿಡುವುದಿಲ್ಲ. "ಈಗ ಆ ಫ್ಯಾನು ಆಫ್ ಮಾಡಿ ಸರ್. ಗುಂಡಿ ನಿಮ್ಮ ಹಿಂದೆ ಗೋಡೆಯಲ್ಲೇ ಇದೆ, ನಾಲ್ಕೂವರೆ ಅಡಿ ಎತ್ತರದಲ್ಲಿ."

ಒಬ್ಬಿಬ್ಬರು ನಕ್ಕರು. ಅಧ್ಯಕ್ಷರು ಎಳೆದರು, ನಾನು ಬಿಡಲಿಲ್ಲ. ಸ್ವಿಚ್ಚಿನ ಕಡೆ ತಿರುಗಿದರು, ಕೈ ಬರಲಿಲ್ಲ. ನಗು ನಿಂತಿತು. ಅವರು ನನ್ನ ಮುಖ ನೋಡಿ, ಆಮೇಲೆ ತಮ್ಮ ಹೊಟ್ಟೆ ಮೇಜಿನ ಅಂಚಿಗೆ ಒತ್ತಿಕೊಂಡಿದ್ದನ್ನು ನೋಡಿದರು. "ಅರ್ಥ ಆಯ್ತಮ್ಮ, ಬಿಡಿ" ಎಂದರು. ಬಿಟ್ಟೆ. ಅವರ ಮಣಿಕಟ್ಟು ಕೆಂಪಾಗಿತ್ತು, ನನಗೆ ಪಾಪ ಅನ್ನಿಸಿತು.

ಹುರಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿದೆವು. ಎಲ್ಲದರ ಸರಾಸರಿ ತೆಗೆಯೋಣ ಎಂದರು ಒಬ್ಬರು. ಬೇಡ, ಎಲ್ಲಕ್ಕಿಂತ ಗಿಡ್ಡ ಹುರಿ ಯಾವುದೋ ಅದು, ಸರಾಸರಿ ಎತ್ತರದ ಹೆಂಗಸು ನಮ್ಮಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದೆ. ಮಾತು ಎರಡು ಗಂಟೆಯವರೆಗೂ ಎಳೆಯಿತು. ಕೊನೆಗೆ ಕನ್ನಡದಲ್ಲಿ ಓದಿ ಹೇಳಿದರು: ಬಾಯಿಗೆ ಅಡ್ಡಲಾಗಿ ಮೈ ಒತ್ತಿದರೆ ನಿಲ್ಲುವ ಪಟ್ಟಿ ಇರಬೇಕು, ಎತ್ತರವನ್ನು ಅತಿ ಗಿಡ್ಡ ಕೆಲಸಗಾರರಿಗೆ ಹೊಂದಿಸಬೇಕು, ಕಾರ್ಮಿಕರ ಪ್ರತಿನಿಧಿಯ ಹಿಂದಿನ ಒಪ್ಪಿಗೆಯನ್ನು ತೆಗೆದುಹಾಕಲಾಗಿದೆ. ನಾನು ಎರಡು ಸಲ ಓದಿಸಿದೆ, ಆಮೇಲೆ ಸಹಿ ಮಾಡಿದೆ.

ಬಟವಾಡಿಯ ಸಿಟಿ ಬಸ್ಸು ಹತ್ತಿ ಕೂತಾಗ ಮೈಯಲ್ಲಿ ಶಕ್ತಿ ಇರಲಿಲ್ಲ, ಹಸಿವು ಮಾತ್ರ ಬೆಂಕಿ ಹಾಗೆ ಇತ್ತು. ಕುಣಿಗಲ್ಲಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಧ್ಯಕ್ಷರ ಕೈ ಹಿಡಿದದ್ದು ಕೇಳಿ ಕೆಂಪಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: "ನಮ್ ಮಿಷನ್ಗೆ ಯಾವಾಗ ಹಾಕ್ತಾರೆ ಅಕ್ಕ?"

ನನಗೆ ಆ ಹಾಳೆಯ ಮೊದಲ ಸಾಲು ನೆನಪಾಯಿತು. ಈ ಮಾನಕ ಇನ್ನು ಮುಂದೆ ತಯಾರಾಗುವ ಮಿಷನ್ನುಗಳಿಗೆ ಎಂದು ಅದರಲ್ಲಿತ್ತು. ಅದನ್ನೂ ಎರಡು ಸಲ ಓದಿಸಿದ್ದೆ. ಎತ್ತರದ ಗಲಾಟೆಯಲ್ಲಿ ಅದರ ಅರ್ಥ ತಲೆಗೆ ಹೋಗಿರಲಿಲ್ಲ.

"ಹಳೇ ಮಿಷನ್ಗೆ ಇಲ್ಲ ಕೆಂಪಮ್ಮ" ಎಂದೆ. "ಹೊಸವಕ್ಕೆ ಮಾತ್ರ. ಹಳೇದಕ್ಕೆ ಮತ್ತೆ ಅರ್ಜಿ ಹಾಕ್ಬೇಕು."

ಆ ಕಡೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಬಸ್ಸು ಎರಡು ಸ್ಟಾಪು ದಾಟಿತು.

"ನೀನು ಅರ್ಜಿ ಹಾಕು" ಎಂದಳು. "ಅಲ್ಲೀಗಂಟ ನಾವು ಕಾಯಕ್ಕಾಯ್ತದಾ? ಗೋಡೆ ಸ್ವಿಚ್ಚಿನ ಹಿಡಿ ಕೆಳಕ್ಕೆ ಬಿದ್ರೆ ಮಿಷನ್ನು ನಿಲ್ತದಲ್ಲ. ಎಲೆಕ್ಟ್ರಿಷಿಯನ್ ಒಬ್ಬ ಗೊತ್ತವ್ನೆ, ಕರ್ಕೊಂಡ್ಬತ್ತೀನಿ, ಓನರ್ರ ಹತ್ರಾನೂ ಕೂಗಾಡ್ತೀನಿ. ಆ ಹಿಡಿಗೆ ಹಗ್ಗ ಕಟ್ಟಿ, ರಾಟೆ ಮೇಲೆ ತಂದು, ಬಾಯಿಗೆ ಅಡ್ಡಲಾಗಿ ಸೆರಗು ಸಿಕ್ಕಿಸೋ ಎತ್ತರಕ್ಕೆ ಎಳ್ದು ಕಟ್ಟಿದ್ರೆ? ಹೊಟ್ಟೆ ಒತ್ತಿದ್ರೆ ಹಿಡಿ ಬೀಳ್ಬೇಕು. ಹಗ್ಗಕ್ಕೇನು ಬರ ನಮ್ಗೆ?"

ಅವಳು ಆಗಲೇ ಯಾರಿಗೋ "ಏಯ್, ದಪ್ಪಂದು ಒಂದು ಎಂಟು ಮಾರು ಅಳ್ದು ಕೊಯ್ಯಿ" ಎಂದು ಕೂಗುವುದು ಕೇಳಿಸಿತು. ನಾನು ಸೀಟಿನಿಂದ ಎದ್ದೇ ನಿಂತೆ. ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಫೋನಿನಲ್ಲಿ ಕೂಗಿದೆ:

"ಕೆಂಪಮ್ಮ, ಹಗ್ಗ ಸಡ್ಲ ಆದ್ರೆ ಹಿಡಿ ಬೀಳಲ್ಲ ಕಣೇ! ಇದೊಂದಕ್ಕೆ ಕೊಸರು ಬಿಡಬೇಡಿ!"